ಕರೆಂಟ್ ಎಕ್ಸ್‌ಚೇಂಜಿಗೆ ಕಾವಲು ಯಾರು?

ನೀವು ಕೇಳಿದ್ದು ಇಷ್ಟು: ಕರೆಂಟನ್ನೂ ಎಕ್ಸ್‌ಚೇಂಜಿನಲ್ಲಿ ಮಾರುತ್ತಾರಂತೆ, ಉತ್ಪಾದಕರು ಬೇಕಂತಲೇ ಬೆಲೆ ಏರಿಸಿದರೆ ಹಿಡಿಯುವವರು ಯಾರು, ಸೆಬಿನಾ?

ಷೇರುಪೇಟೆ ನೋಡಿಕೊಳ್ಳುವ ಸೆಬಿ ಅಲ್ಲ, ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ. ಎಲ್ಲರ ಬಾಯಲ್ಲೂ ಅದು ಸಿಇಆರ್‌ಸಿ. ಯಾವುದು ಯಾರ ಸೀಮೆ ಅಂತ ಇವರಿಬ್ಬರ ನಡುವೆ ವರ್ಷಗಟ್ಟಲೆ ಜಗ್ಗಾಟ ಇತ್ತು. 2021ರಲ್ಲಿ ಅದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಕರೆಂಟು ನಿಜವಾಗಿ ತಂತಿಯಲ್ಲಿ ಹರಿಯುವ ವ್ಯವಹಾರ ಸಿಇಆರ್‌ಸಿಗೆ, ಬರೀ ಬೆಲೆಯ ಮೇಲೆ ನಡೆಯುವ ಫ್ಯೂಚರ್ಸ್ ಸೆಬಿಗೆ. ನಿಮ್ಮ ಪ್ರಶ್ನೆ ಮೊದಲನೆಯದರ ಬಗ್ಗೆ.

ನಾನು ಕೆಲವು ವರ್ಷ ಒಂದು ವಿತರಣಾ ಕಂಪನಿಯಲ್ಲಿ ದಿನಾ ಬಿಡ್ ಹಾಕುವ ಕೆಲಸ ಮಾಡಿದ್ದೇನೆ. ನಾಳೆಯ ದಿನವನ್ನು 15 ನಿಮಿಷದ 96 ಬ್ಲಾಕ್ ಮಾಡಿರುತ್ತಾರೆ. ಒಂದೊಂದು ಬ್ಲಾಕಿಗೂ ಮಾರುವವರು ಎಷ್ಟು ಕೊಡುತ್ತೇವೆ, ಯಾವ ಬೆಲೆಗೆ ಅಂತ ಬರೆದು ಕೊಡುತ್ತಾರೆ. ಕೊಳ್ಳುವ ನಾವೂ ಹಾಗೇ. ಒಬ್ಬರ ಬಿಡ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಕಡಿಮೆ ಕೇಳಿದವರಿಂದ ಶುರು ಮಾಡಿ, ಬೇಡಿಕೆ ತುಂಬುವ ತನಕ ಸೇರಿಸುತ್ತಾ ಹೋಗುತ್ತಾರೆ. ಕೊನೆಗೆ ಸೇರಿದವನು ಯೂನಿಟ್ಟಿಗೆ 8 ರೂಪಾಯಿ ಕೇಳಿದ್ದರೆ, 3 ರೂಪಾಯಿಗೆ ಒಪ್ಪಿದ್ದವನಿಗೂ 8 ಸಿಗುತ್ತದೆ.

ಆಟ ಆಡಲು ಜಾಗ ಇರುವುದು ಇಲ್ಲೇ. ಒಬ್ಬನ ಕೈಯಲ್ಲಿ ಕರೆಂಟ್ ಉತ್ಪಾದಿಸುವ ಐದು ಘಟಕ ಇವೆ ಅಂತಿಟ್ಟುಕೊಳ್ಳಿ. ಸಂಜೆ ಬೇಡಿಕೆ ಏರುವ ಹೊತ್ತಿಗೆ ಒಂದನ್ನು ನಿಲ್ಲಿಸಿ, ಬಾಯ್ಲರ್ ಟ್ಯೂಬ್ ಸೋರುತ್ತಿದೆ ಅನ್ನುತ್ತಾನೆ. ಆ ಒಂದರ ಆದಾಯ ಹೋಯಿತು, ನಿಜ. ಆದರೆ ಬೆಲೆ ಮೇಲೆ ಹೋಗಿ ಉಳಿದ ನಾಲ್ಕರಲ್ಲಿ ಅದಕ್ಕಿಂತ ಜಾಸ್ತಿ ಬರಬಹುದು. ತಲೆನೋವು ಏನೆಂದರೆ ಟ್ಯೂಬ್ ಸೋರುವುದು ಥರ್ಮಲ್ ಸ್ಥಾವರಗಳಲ್ಲಿ ತೀರಾ ಮಾಮೂಲಿ. ಸುಳ್ಳೋ ನಿಜವೋ ಬೆಲೆ ನೋಡಿ ಹೇಳಲು ಆಗುವುದಿಲ್ಲ. ಘಟಕ ಎಷ್ಟು ಗಂಟೆಗೆ ನಿಂತಿತು, ಯಾವಾಗ ಮರಳಿತು, ಅಂಗಳದಲ್ಲಿ ಕಲ್ಲಿದ್ದಲು ಎಷ್ಟಿತ್ತು, ಇದೇ ಕಂಪನಿಗೆ ಇದೇ ಹೊತ್ತಿನಲ್ಲಿ ಹಿಂದೆಯೂ ಹೀಗಾಗಿತ್ತಾ, ಇದನ್ನೆಲ್ಲ ಬಿಡ್ ಜೊತೆ ಇಟ್ಟು ನೋಡಬೇಕು. ಆಯೋಗಕ್ಕೆ ಅಧಿಕಾರ ಇಲ್ಲದೆ ಇಲ್ಲ. 2003ರ ವಿದ್ಯುತ್ ಕಾಯ್ದೆಯ 60ನೇ ಸೆಕ್ಷನ್ ಇರುವುದೇ ಬಲಾಢ್ಯರು ಮಾರುಕಟ್ಟೆ ಹಿಡಿಯದಂತೆ ನೋಡಿಕೊಳ್ಳಲು. ಆಯೋಗದ ಮಾರುಕಟ್ಟೆ ನಿಗಾ ಘಟಕ ತಿಂಗಳು ತಿಂಗಳು ವರದಿಯನ್ನೂ ಹಾಕುತ್ತದೆ. ಎಷ್ಟು ಮಾರಾಟವಾಯಿತು, ಯಾವ ಬೆಲೆಗೆ ಅಂತ ಅದರಲ್ಲಿ ಚೆನ್ನಾಗಿರುತ್ತದೆ. ಆದರೆ ಯಾರನ್ನಾದರೂ ಹಿಡಿಯಲು ಅಷ್ಟು ಸಾಲದು ಅನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಆಯೋಗದ ಕೈಗೆ ಬೇಗ ಸಿಗುವ ಆಯುಧ ಬೆಲೆಯ ಮಿತಿ. 2022ರ ಮಾರ್ಚಿನಲ್ಲಿ ಬಿಸಿಲು ಬೇಗ ಬಂತು, ಆಮದು ಕಲ್ಲಿದ್ದಲು ದುಬಾರಿಯಾಯಿತು, ಯೂನಿಟ್ ಬೆಲೆ 20 ರೂಪಾಯಿ ಮುಟ್ಟಿತು. ಏಪ್ರಿಲ್‌ನಲ್ಲಿ ಸಿಇಆರ್‌ಸಿ 12ಕ್ಕೆ ಕಟ್ಟಿ ಹಾಕಿತು, ಮರುವರ್ಷ 10ಕ್ಕೆ ಇಳಿಸಿತು. ಕೊಳ್ಳುವವರಿಗೆ ಸಮಾಧಾನವೇ. ಆದರೆ ಮಿತಿ ಹಾಕಿದ ಮಾತ್ರಕ್ಕೆ ಕರೆಂಟ್ ಹುಟ್ಟುವುದಿಲ್ಲವಲ್ಲ. ಕೊರತೆಯ ಬ್ಲಾಕ್‌ಗಳಲ್ಲಿ ಕೊಳ್ಳುವವರೆಲ್ಲ ಮಿತಿಯ ಬೆಲೆಗೇ ಬಿಡ್ ಹಾಕುತ್ತಾರೆ, ಕೇಳಿದ್ದರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಖರ್ಚೇ ಮಿತಿಗಿಂತ ಜಾಸ್ತಿ ಇರುವ ಗ್ಯಾಸ್ ಸ್ಥಾವರಗಳು ಮಾರಲು ಬರುವುದೇ ಇಲ್ಲ. ಅಂಥವರಿಗಾಗಿ 2023ರಲ್ಲಿ ಇನ್ನೂ ಮೇಲಿನ ಮಿತಿಯ ಬೇರೆ ಮಾರುಕಟ್ಟೆಯನ್ನೇ ತೆರೆಯಬೇಕಾಯಿತು.

ಮನೆಯ ಬಿಲ್ಲಿಗೆ ಇದು ನೇರವಾಗಿ ತಟ್ಟುವುದಿಲ್ಲ. ದೇಶದ ಕರೆಂಟಿನಲ್ಲಿ ಬಹುಪಾಲು ಮಾರಾಟವಾಗುವುದು ದೀರ್ಘಾವಧಿ ಒಪ್ಪಂದಗಳಲ್ಲಿ, ಎಕ್ಸ್‌ಚೇಂಜಿನದು ಸಣ್ಣ ಪಾಲು. ಆದರೆ ಆ ಸಣ್ಣ ಪಾಲಿನ ಖರ್ಚೂ ಕೊನೆಗೆ ದರದಲ್ಲಿ ಸೇರುತ್ತದೆ. ಅದನ್ನು ಒಪ್ಪುವುದು ರಾಜ್ಯದ ಆಯೋಗ, ನಮ್ಮಲ್ಲಿ ಕೆಇಆರ್‌ಸಿ. ದರ ಪರಿಷ್ಕರಣೆಗೆ ಮುಂಚೆ ಅಲ್ಲಿ ಆಕ್ಷೇಪಣೆ ಕರೆಯುತ್ತಾರೆ, ಸಾರ್ವಜನಿಕ ವಿಚಾರಣೆ ಮಾಡುತ್ತಾರೆ. ಹೋದರೆ ಕಂಪನಿಯ ಅರ್ಜಿಯಲ್ಲಿ ಅಲ್ಪಾವಧಿ ಖರೀದಿಯ ಕೋಷ್ಟಕ ಹುಡುಕಿ. ಯಾವ ತಿಂಗಳು ಎಷ್ಟು ಕೊಂಡಿರಿ, ಸರಾಸರಿ ಬೆಲೆ ಎಷ್ಟು, ಮುಂಚೆಯೇ ಯಾಕೆ ಒಪ್ಪಂದ ಮಾಡಿಕೊಳ್ಳಲಿಲ್ಲ ಅಂತ ಕೇಳಿ. ನಾನು ಕೂತಿದ್ದ ವಿಚಾರಣೆಗಳಲ್ಲಿ ಆ ಪುಟದ ಬಗ್ಗೆ ಒಬ್ಬರೂ ಕೇಳಿದ ನೆನಪಿಲ್ಲ. ಕೇಳಿದ್ದರೆ ನಾವು ಒಂದಷ್ಟು ಬೆವರುತ್ತಿದ್ದೆವು.