ಗೆದ್ದವರಿಗೆ ಸೊಕ್ಕು, ಸೋತವರಿಗೆ ಬುದ್ಧಿ

ಓದುಗರ ಪ್ರಶ್ನೆ – ಉತ್ತರ

(ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರಗಳ, ಅಂದರೆ ಕನ್ಸೋಲ್‌ಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದವರು ಕುಂಬಳೆಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಅಂಕಣಕಾರರು.)

ನಮ್ಮ ಹಾಸ್ಟೆಲಿನಲ್ಲಿ ಸೋನಿ ಪಕ್ಷ, ಮೈಕ್ರೋಸಾಫ್ಟ್ ಪಕ್ಷ ಎಂದು ಎರಡು ಗುಂಪುಗಳಾಗಿವೆ. ನಿಂಟೆಂಡೊ ಎಂದವನನ್ನು ಎರಡೂ ಗುಂಪಿನವರು ಗೇಲಿ ಮಾಡುತ್ತಾರೆ. ನಿಜವಾಗಿ ಯಾವ ಕಂಪೆನಿ ಮೇಲು? ನೀವು ಯಾವ ಪಕ್ಷ?
– ವಿದ್ಯಾರ್ಥಿ, ಉಪ್ಪಳ

ನಾನು ಸೋತವರ ಪಕ್ಷ. ಇದು ತಮಾಷೆಯ ಮಾತಲ್ಲ. ಹಿಂದಿನ ಸುತ್ತಿನಲ್ಲಿ ಯಾರು ಪೆಟ್ಟು ತಿಂದಿದ್ದಾರೋ ಅವರು ಈ ಸುತ್ತಿನಲ್ಲಿ ಗಿರಾಕಿಯ ಮುಖ ನೋಡಿ ಮಾತನಾಡುತ್ತಾರೆ. ಗೆದ್ದವರು ಬಾಗಿಲು ತೆರೆಯುವುದಕ್ಕೂ ಸತಾಯಿಸುತ್ತಾರೆ. ನಲವತ್ತು ವರ್ಷಗಳ ಕತೆ ಇಷ್ಟೇ. ತೆಂಕುತಿಟ್ಟು ಮೇಲೋ ಬಡಗುತಿಟ್ಟು ಮೇಲೋ ಎಂದು ಚಹದಂಗಡಿಯಲ್ಲಿ ಕುಳಿತು ಗಂಟಲು ಹರಿದುಕೊಳ್ಳುವವರಂತೆ ನೀವು ಕಂಪೆನಿಗಳಿಗಾಗಿ ಜಗಳವಾಡುತ್ತಿದ್ದೀರಿ. ವ್ಯತ್ಯಾಸವೆಂದರೆ, ಅಲ್ಲಿ ಭಾಗವತರಾದರೂ ನಿಮಗಾಗಿ ಇಡೀ ರಾತ್ರಿ ಹಾಡುತ್ತಾರೆ.

ನಿಂಟೆಂಡೊದಿಂದಲೇ ಶುರು ಮಾಡೋಣ. 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಹನಫುದ ಎಲೆಗಳನ್ನು ಮಾಡಿ ಮಾರುತ್ತಿದ್ದ ಅಂಗಡಿ ಅದು. 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ಅದೇ ವರ್ಷ ಅಮೆರಿಕದಲ್ಲಿ ಕಳಪೆ ಆಟಗಳು ಅಂಗಡಿ ತುಂಬಿ, ಅಟಾರಿಯನ್ನು ನಂಬಿದ್ದ ಇಡೀ ವ್ಯಾಪಾರ ಕುಸಿದು ಬಿದ್ದಿತ್ತು. 1985ರಲ್ಲಿ ಆ ಖಾಲಿ ಮೈದಾನಕ್ಕೆ ನಿಂಟೆಂಡೊ ಇಳಿಯಿತು. ಗೆದ್ದದ್ದೇ ತಡ, ಕಟ್ಟಳೆಗಳು ಬಂದವು: ಆಟ ಮಾಡುವ ಒಂದು ಕಂಪೆನಿ ವರ್ಷಕ್ಕೆ ಐದೇ ಆಟ ಕೊಡಬೇಕು, ಕೊಟ್ಟ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡಬಾರದು, ಆಟ ತುಂಬಿದ ಪ್ಲಾಸ್ಟಿಕ್ ಕ್ಯಾಸೆಟನ್ನು ನಿಂಟೆಂಡೊದಿಂದಲೇ ಮಾಡಿಸಬೇಕು. ಆಟ ಮಾಡುವ ಕೊನಾಮಿ ಕಂಪೆನಿಯವರು ಐದರ ಮಿತಿ ದಾಟಲು ಅಲ್ಟ್ರಾ ಗೇಮ್ಸ್ ಎಂಬ ಇನ್ನೊಂದು ಹೆಸರಿನ ಬೋರ್ಡನ್ನೇ ತೂಗುಹಾಕಿದರು. ಕಳಪೆ ಆಟಗಳನ್ನು ತಡೆಯಲು ಇದು ಬೇಕಾಗಿತ್ತು ಎನ್ನುವವರಿದ್ದಾರೆ. ಇರಬಹುದು. ಆದರೆ ಹಾಗೆ ಬಿಗಿಸಿಕೊಂಡವರು ಬಿಡುಗಡೆಗೆ ಕಾಯುತ್ತಲೇ ಇರುತ್ತಾರೆ.

1991ರ ಶಿಕಾಗೊ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ನಡೆದದ್ದನ್ನು ನಿಮ್ಮ ಎರಡೂ ಪಕ್ಷದವರಿಗೆ ಹೇಳಿ. ನಿಂಟೆಂಡೊ ಯಂತ್ರಕ್ಕೆ ಸಿಡಿ ಜೋಡಿಸುವ ಕೆಲಸವನ್ನು ಸೋನಿ ಒಪ್ಪಿಕೊಂಡು, ‘ಪ್ಲೇ ಸ್ಟೇಷನ್’ ಎಂಬ ಹೆಸರನ್ನೂ ಘೋಷಿಸಿತು. ಮರುದಿನವೇ ನಿಂಟೆಂಡೊ, ಸೋನಿಯನ್ನು ಬಿಟ್ಟು ಫಿಲಿಪ್ಸ್ ಜೊತೆ ಹೋಗುತ್ತೇವೆ ಎಂದಿತು. ತುಂಬಿದ ಸಭೆಯ ಆ ಅವಮಾನವನ್ನು ನುಂಗಿಕೊಂಡು ಕೆನ್ ಕುಟರಗಿ ಎಂಬ ಎಂಜಿನಿಯರ್ ಸೋನಿಯ ಸ್ವಂತ ಯಂತ್ರಕ್ಕೆ ಹಟ ಹಿಡಿದರು. ನಿಂಟೆಂಡೊದ ಸೂಪರ್ ಫ್ಯಾಮಿಕಾಮಿಗೆ ಧ್ವನಿಯ ಚಿಪ್ ಮಾಡಿಕೊಟ್ಟವರೂ ಅವರೇ. 1994ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಜಪಾನಿನ ಅಂಗಡಿಗಳಿಗೆ ಬಂತು. ನಿಂಟೆಂಡೊ ಮಾತ್ರ 1996ರಲ್ಲಿಯೂ ಕ್ಯಾಸೆಟನ್ನೇ ಅಪ್ಪಿಕೊಂಡು ನಿಂಟೆಂಡೊ 64 ತಂದಿತು. ಸಿಡಿ ಅಗ್ಗ, ಜಾಗವೂ ಹೆಚ್ಚು. ಫೈನಲ್ ಫ್ಯಾಂಟಸಿಯ ಏಳನೆಯ ಆಟ 1997ರಲ್ಲಿ ಸೋನಿಯ ಯಂತ್ರಕ್ಕೆ ಹೋದಾಗ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಎಲ್ಲರಿಗೂ ತಿಳಿಯಿತು.

2000ದಲ್ಲಿ ಬಂದ ಪ್ಲೇಸ್ಟೇಷನ್ 2 ಹದಿನೈದು ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ಮನೆಗೂ ಒಂದು ಬಂತು, ಶಾರ್ಜಾದಲ್ಲಿದ್ದ ಮಾವನ ಪೆಟ್ಟಿಗೆಯಲ್ಲಿ. ಅದರಲ್ಲಿ ಡಿವಿಡಿ ಓಡುತ್ತದೆ ಎಂಬ ಒಂದೇ ಕಾರಣಕ್ಕೆ ಅಜ್ಜ ಅದನ್ನು ಒಳಗೆ ಬಿಟ್ಟುಕೊಂಡರು. ಕಷ್ಟವೇನೆಂದರೆ, ಅವರ ಸಂಗ್ರಹದ ಯಕ್ಷಗಾನವೆಲ್ಲ ವಿಸಿಡಿಯಲ್ಲಿತ್ತು, ವಿಸಿಡಿಯನ್ನು ಅದು ಮುಟ್ಟುತ್ತಲೇ ಇರಲಿಲ್ಲ. ಚಿಕ್ಕಮ್ಮನ ಮದುವೆಯ ಡಿವಿಡಿಯೊಂದು ಓಡಿದ್ದರಿಂದ ನಾನು ಬಚಾವಾದೆ.

ಅಷ್ಟು ಗೆದ್ದ ಸೋನಿ 2006ರಲ್ಲಿ ಮಾಡಿದ್ದೇನು? ಅಮೆರಿಕದಲ್ಲಿ 599 ಡಾಲರಿನವರೆಗೆ ಬೆಲೆಯ ಪ್ಲೇಸ್ಟೇಷನ್ 3. ಒಳಗಿನ ಸೆಲ್ ಪ್ರೊಸೆಸರಿಗೆ ಆಟ ಬರೆಯುವುದು ಎಷ್ಟು ಕಷ್ಟವೆಂದು ಬರೆದವರೇ ಗೋಳಾಡಿದರು. ಅದೇ ಹೊತ್ತಿಗೆ ಪೆಟ್ಟು ತಿಂದು ಎದ್ದಿದ್ದ ನಿಂಟೆಂಡೊ 249 ಡಾಲರಿಗೆ ವೀ ಎಂಬ ಯಂತ್ರ ಕೊಟ್ಟು ಹತ್ತು ಕೋಟಿ ಮಾರಿತು. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಒಂದು ವರ್ಷ ಮೊದಲೇ ಬಂದಿತ್ತು. ಅದರ ಮುಂಭಾಗದಲ್ಲಿ ಕೆಂಪು ದೀಪ ಸುತ್ತು ಹೊತ್ತಿಕೊಂಡು ಯಂತ್ರ ಸಾಯುವ ಕಾಯಿಲೆ ಲೋಕಪ್ರಸಿದ್ಧ. ಆದರೆ 2007ರಲ್ಲಿ ಮೈಕ್ರೋಸಾಫ್ಟ್ ಖಾತರಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಹೊಸಬ, ಕಾಲೂರಬೇಕಾಗಿತ್ತು, ಕೊಟ್ಟ.

ಆ ಸುತ್ತಿನಲ್ಲಿ ಕಾಲೂರಿದ ಮೇಲೆ? 2013ರಲ್ಲಿ ಎಕ್ಸ್‌ಬಾಕ್ಸ್ ಒನ್. ದಿನಕ್ಕೊಮ್ಮೆ ಇಂಟರ್ನೆಟ್ಟಿಗೆ ಹೋಗಿ ಹಾಜರಿ ಹಾಕದಿದ್ದರೆ ಆಟ ನಡೆಯದು, ಡಿಸ್ಕನ್ನು ಬೇರೆಯವರಿಗೆ ಕೊಡುವುದಕ್ಕೂ ಮಾರುವುದಕ್ಕೂ ನಿರ್ಬಂಧ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮೂರಿನಲ್ಲಿ ಕುಳಿತು ಆ ಸುದ್ದಿ ಓದಿದಾಗ, ಇವರಿಗೆ ಲೋಕದ ಅರ್ಧ ಭಾಗ ಕಾಣುವುದೇ ಇಲ್ಲ ಎನಿಸಿತ್ತು. ಆಗ ಸೋನಿ ಒಂದು ಪುಟ್ಟ ವಿಡಿಯೊ ಬಿಟ್ಟಿತು. ‘ಪ್ಲೇಸ್ಟೇಷನ್ 4ರಲ್ಲಿ ಆಟ ಹಂಚಿಕೊಳ್ಳುವ ಕ್ರಮ’ ಎಂದು ಒಬ್ಬರು ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುತ್ತಾರೆ, ಅಷ್ಟೇ, ಮುಗಿಯಿತು. ಪೆಟ್ಟು ತಿಂದವರ ಬುದ್ಧಿ ಎಂದರೆ ಅದು. ಬೆಲೆಯೂ ನೂರು ಡಾಲರ್ ಕಡಿಮೆ. ಆ ವರ್ಷದ ಜೂನಿನಲ್ಲಿಯೇ ಮೈಕ್ರೋಸಾಫ್ಟ್ ಈ ನಿಯಮಗಳನ್ನು ಹಿಂತೆಗೆದುಕೊಂಡಿತು, ಆದರೂ ಆ ಸುತ್ತು ಕೈತಪ್ಪಿತು.

ಗೆದ್ದ ಸೋನಿ ಮತ್ತೆ ಸೋನಿಯೇ ಆಯಿತು. ಬೇರೆ ಯಂತ್ರದವರೊಂದಿಗೆ ಒಂದೇ ಆಟದಲ್ಲಿ ಸೇರಿ ಆಡಲು 2018ರ ಸೆಪ್ಟೆಂಬರಿನವರೆಗೂ ಬಿಡಲಿಲ್ಲ, ಬಿಟ್ಟದ್ದೂ ಫೋರ್ಟ್‌ನೈಟ್ ಆಡುವವರು ಬಾಯಿಮಾಡಿದ ಮೇಲೆ. ಭಾರತದಲ್ಲಿ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5 ಮರುವರ್ಷವೇ 54,990 ಆಯಿತು. ಯಂತ್ರ ಹಳೆಯದಾದಂತೆ ಬೆಲೆ ಇಳಿಯುವುದು ನಾನು ಕಂಡ ಲೋಕರೂಢಿ. ಏರಿಸುವ ಧೈರ್ಯ ಗೆದ್ದವರಿಗೇ ಬರುವುದು.

ಸೆಗಾ ಎಂಬ ಕಂಪೆನಿ ಏನಾಯಿತು?
– ಓದುಗರು, ನೀರ್ಚಾಲು

ಆಟ ಮಾಡಿಕೊಂಡು ಚೆನ್ನಾಗಿಯೇ ಇದೆ, ಯಂತ್ರ ಮಾಡುವುದನ್ನು 2001ರಲ್ಲಿ ಬಿಟ್ಟಿತು. 1995ರ ಮೇ ತಿಂಗಳಲ್ಲಿ ಅಮೆರಿಕದ ಮೊದಲ ಇ3 ವಿಡಿಯೊ ಗೇಮ್ ಮೇಳದಲ್ಲಿ, ತಮ್ಮ 399 ಡಾಲರಿನ ಸ್ಯಾಟರ್ನ್ ಯಂತ್ರ ಇವತ್ತಿನಿಂದಲೇ ಅಂಗಡಿಯಲ್ಲಿದೆ ಎಂದು ಘೋಷಿಸಿ ಎಲ್ಲರನ್ನೂ ಬೆರಗುಗೊಳಿಸಲು ಹೊರಟರು. ಯಂತ್ರ ಸಿಗದ ಅಂಗಡಿಯವರು ಮುನಿಸಿಕೊಂಡರು. ಅದೇ ಮೇಳದಲ್ಲಿ ಸೋನಿಯ ಪ್ರತಿನಿಧಿ ವೇದಿಕೆ ಹತ್ತಿ ಪ್ಲೇಸ್ಟೇಷನ್ ಬೆಲೆಯನ್ನು ‘299’ ಎಂದಷ್ಟೇ ಹೇಳಿ ಇಳಿದರು. ನನ್ನ ಮಟ್ಟಿಗೆ ಈ ವ್ಯಾಪಾರದಲ್ಲಿ ಯಾರೂ ಅದಕ್ಕಿಂತ ಒಳ್ಳೆಯ ಭಾಷಣ ಮಾಡಿಲ್ಲ.

ರಜೆಗೆ ಊರಿಗೆ ಬರುತ್ತಿದ್ದೇನೆ. ಅಕ್ಕನ ಮಗನಿಗೆ ಪ್ಲೇಸ್ಟೇಷನ್ 5 ತರಬೇಕೆಂದಿದ್ದೇನೆ. ಡಿಸ್ಕ್ ಇಲ್ಲದ್ದು ಅಗ್ಗವಾಗಿದೆ. ಅದು ಸಾಕೇ?
– ಓದುಗರು, ಶಾರ್ಜಾ (ಊರು ಕುಂಬಳೆ)

ಬೇಡ. ಡಿಸ್ಕ್ ಹಾಕುವುದನ್ನೇ ತನ್ನಿ. ಡಿಸ್ಕ್ ಇಲ್ಲದ ಯಂತ್ರಕ್ಕೆ ಅಂಗಡಿ ಒಂದೇ, ಅದು ಸೋನಿಯದ್ದು. ಅವರು ಹೇಳಿದ್ದೇ ಬೆಲೆ. ಹುಡುಗ ಆಡಿ ಮುಗಿಸಿದ ಆಟವನ್ನು ಸ್ನೇಹಿತನಿಗೆ ಕೊಡುವಂತಿಲ್ಲ, ಮಾರುವಂತಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಹುಡುಗರು ಒಂದು ಡಿಸ್ಕನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿಯಾದರೂ ಕಳುಹಿಸಿ ಹಂಚಿಕೊಳ್ಳುತ್ತಾರೆ. ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ ಕೇಳುವ ಕಾಲದಲ್ಲಿ ಅದೊಂದೇ ದಾರಿ.

ಅಲ್ಲಿನ ಡಿಸ್ಕ್ ಇಲ್ಲಿ ಓಡುತ್ತದೆ, ಪ್ಲೇಸ್ಟೇಷನ್ 5ಕ್ಕೆ ದೇಶದ ಬೀಗವಿಲ್ಲ. ಎಚ್ಚರ ಬೇಕಾದದ್ದು ಆಟಕ್ಕೆ ಆಮೇಲೆ ಕೊಂಡು ಸೇರಿಸುವ ಹೆಚ್ಚುವರಿ ಭಾಗಗಳಲ್ಲಿ. ಡಿಸ್ಕ್ ಯಾವ ಪ್ರದೇಶದ್ದೋ ಖಾತೆಯೂ ಆ ಪ್ರದೇಶದ್ದೇ ಆಗಿರಬೇಕು. ಎಮಿರೇಟ್ಸಿನ ಗಿಫ್ಟ್ ಕಾರ್ಡ್ ಭಾರತದ ಖಾತೆಗೆ ಹತ್ತುವುದಿಲ್ಲ, ಆದ್ದರಿಂದ ವಿಮಾನ ನಿಲ್ದಾಣದಲ್ಲಿ ಉಳಿದ ದಿರ್ಹಮ್ ಮುಗಿಸಲೆಂದು ಅದನ್ನು ಕೊಳ್ಳಬೇಡಿ. ವೋಲ್ಟೇಜ್ ಎರಡೂ ಕಡೆ ಒಂದೇ, ಪಿನ್ ಮಾತ್ರ ಬೇರೆ. ಇಲ್ಲಿನ ವೈರ್ ನನ್ನ ಅಂಗಡಿಯಲ್ಲಿಯೂ ಸಿಗುತ್ತದೆ. 2024ರಲ್ಲಿ ಪ್ರೊ ಮಾದರಿ ಬಂದಾಗ ಭಾರತವನ್ನು ಪಟ್ಟಿಯಿಂದ ಕೈಬಿಟ್ಟಿದ್ದರು. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ. ಅದರಲ್ಲಿಯೂ ಡಿಸ್ಕಿನ ಭಾಗವನ್ನು ಬೇರೆಯಾಗಿ ಕೊಳ್ಳಬೇಕು. ಅಷ್ಟು ದುಡ್ಡು ಸುರಿಯುವ ಬದಲು ಭಾವನಿಗೂ ಏನಾದರೂ ತನ್ನಿ.

ಇಬ್ಬರು ಮಕ್ಕಳು, ಚಿಕ್ಕವನಿಗೆ ಆರು ವರ್ಷ. ನಿಂಟೆಂಡೊ ಮಕ್ಕಳಿಗೆ ಒಳ್ಳೆಯದೆನ್ನುತ್ತಾರೆ. ಕೊಳ್ಳಬಹುದೇ?
– ಗೃಹಿಣಿ, ಪೆರ್ಲ

ಕೊಳ್ಳಬಹುದು ಅಕ್ಕಾ, ಆದರೆ ಒಂದು ವಿಷಯ ತಿಳಿದೇ ಕೊಳ್ಳಿ. 2017ರ ಸ್ವಿಚ್ ಎಂಬ ಯಂತ್ರವನ್ನು ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರಲೇ ಇಲ್ಲ. ಅಂಗಡಿಗಳಲ್ಲಿ ಕಾಣುವುದೆಲ್ಲ ಹೊರಗಿನಿಂದ ತರಿಸಿದ್ದು. ಕೆಟ್ಟರೆ ಖಾತರಿ ಎಂದರೆ ಅಂಗಡಿಯವರ ಬಾಯಿಮಾತು. ಪುಣೆಯ ನೋಡಿಂಗ್ ಹೆಡ್ಸ್ ಎಂಬವರು ಮಾಡಿದ ರಾಜಿ ಎಂಬ ಆಟ, ನಮ್ಮದೇ ಪುರಾಣದ ಹಿನ್ನೆಲೆಯದ್ದು, 2020ರ ಆಗಸ್ಟಿನಲ್ಲಿ ಮೊದಲು ಬಂದದ್ದು ಇದೇ ಸ್ವಿಚ್‌ಗೆ! ಭಾರತದವರು ಮಾಡಿದ ಆಟವನ್ನು ಭಾರತದಲ್ಲಿ ಮಾರದ ಯಂತ್ರದಲ್ಲಿ ಮೊದಲು ನೋಡಬೇಕಾಯಿತು. ಇದಕ್ಕೆ ನನಗಿನ್ನೂ ಸಿಟ್ಟಿದೆ.

ಯಂತ್ರದ ಮೇಲೆ ಸಿಟ್ಟಿಲ್ಲ. ಹಿಂದಿನ ವೀ ಯು ಬರೀ 1.36 ಕೋಟಿ ಮಾರಿ ಮುಗ್ಗರಿಸಿದ ಮೇಲೆ ತಲೆ ಕೆಡಿಸಿಕೊಂಡು ಮಾಡಿದ್ದು, ಅದಕ್ಕೇ ಅಷ್ಟು ಚೆನ್ನಾಗಿದೆ. ಆಗಿನ ಮುಖ್ಯಸ್ಥ ಸಟೊರು ಇವಾಟ ಕಂಪೆನಿ ಎಡವಿದಾಗ ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸಿಕೊಂಡವರು. ಸ್ವಿಚ್ ಗೆಲ್ಲುವುದನ್ನು ಕಾಣದೆ 2015ರಲ್ಲಿ ತೀರಿಕೊಂಡರು.

ಚಿಕ್ಕವನು ಸ್ವಿಚ್ ಆಟದ ಪುಟ್ಟ ಕಾರ್ಡನ್ನು ಬಾಯಿಗೆ ಹಾಕುತ್ತಾನೆಂಬ ಭಯವಿದ್ದರೆ, ಅದಕ್ಕೆ ಕಹಿ ಲೇಪನವಿದೆ. ನಾನು ನೆಕ್ಕಿ ನೋಡಿದ್ದೇನೆ, ಕಿರಾತಕಡ್ಡಿ ಕಷಾಯ ವಾಸಿ. 2025ರ ಸ್ವಿಚ್ 2ರಲ್ಲಿ ಕೆಲವು ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಬರೀ ಕೀಲಿ; ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ, ಓದಿ ಕೊಳ್ಳಿ. ಸ್ವಿಚ್ ಗೆದ್ದಾಗಿದೆ, ಇನ್ನು ಇಂಥವು ಬರುತ್ತವೆ.

ಮಕ್ಕಳನ್ನು ಹಾಳುಮಾಡುವ ಇಂಥ ವಸ್ತುಗಳಿಗೆ ಪತ್ರಿಕೆಯಲ್ಲಿ ಪುಟವೇಕೆ?
– ನಿವೃತ್ತ ಅಧ್ಯಾಪಕರು, ಮಂಜೇಶ್ವರ

ಮಾಸ್ಟ್ರೇ, ತಮ್ಮ ಕಾಲದಲ್ಲಿ ಇದೇ ಪ್ರಶ್ನೆಯನ್ನು ಪತ್ತೇದಾರಿ ಕಾದಂಬರಿಗಳ ಬಗ್ಗೆ ಕೇಳುತ್ತಿದ್ದರು.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇಟ್ಟುಕೊಂಡಿದ್ದೇನೆ. ಮೈಕ್ರೋಸಾಫ್ಟ್ ಯಂತ್ರ ಮಾಡುವುದನ್ನೇ ನಿಲ್ಲಿಸುತ್ತದೆ ಎನ್ನುತ್ತಾರಲ್ಲ?
– ಓದುಗರು, ಬದಿಯಡ್ಕ

ನಿಲ್ಲಿಸಲಿ ಬಿಡಲಿ, ನಿಮ್ಮಲ್ಲಿರುವುದು ನಾಳೆಯೂ ಹೊತ್ತಿಕೊಳ್ಳುತ್ತದೆ. ಆದರೆ ನಿಮ್ಮ ಅನುಮಾನ ಸುಳ್ಳಲ್ಲ. ತಮ್ಮ ಮನೆಯಲ್ಲಿ ಮಾತ್ರ ಆಡಿಸುತ್ತಿದ್ದ ಫೋರ್ಜಾ ಹೊರೈಜನ್ 5, ಗಿಯರ್ಸ್ ಆಫ್ ವಾರ್ ಎಲ್ಲ 2025ರಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದವು. ಎಕ್ಸ್‌ಬಾಕ್ಸಿನ ಮನೆದೇವರಂತಿದ್ದ ಹ್ಯಾಲೊ ಆಟ ಕೂಡ ಬರುತ್ತದೆಂದು ಘೋಷಿಸಿದಾಗ ನನ್ನ ಅಂಗಡಿಗೆ ಬಂದ ಎಕ್ಸ್‌ಬಾಕ್ಸ್ ಹುಡುಗನೊಬ್ಬ ಸೂತಕದ ಮುಖ ಹಾಕಿಕೊಂಡಿದ್ದ.

ಸೋತವರು ಬುದ್ಧಿ ಕಲಿಯುತ್ತಾರೆ ಎಂದು ಮೇಲೆ ಬರೆದೆನಲ್ಲ, ಮೈಕ್ರೋಸಾಫ್ಟ್ ಅದಕ್ಕೆ ಒಗ್ಗುವುದಿಲ್ಲ. ತಿಂಗಳ ಚಂದಾಕ್ಕೆ ರಾಶಿ ಆಟ ಕೊಡುವ ಗೇಮ್ ಪಾಸ್ 2017ರಲ್ಲಿ ಬಂದಾಗ ನಿಜವಾಗಿಯೂ ಸೋತವರ ಔದಾರ್ಯವಿತ್ತು. 2025ರ ಅಕ್ಟೋಬರಿನಲ್ಲಿ ಅದರ ಅಲ್ಟಿಮೇಟ್ ಚಂದಾವನ್ನು ಅಮೆರಿಕದಲ್ಲಿ ತಿಂಗಳಿಗೆ 20 ಡಾಲರಿನಿಂದ 30 ಡಾಲರಿಗೆ ಏರಿಸಿದರು. ಕಾರಣ ಸರಳ: ಈ ಕಂಪೆನಿಗೆ ಹಸಿವಿಲ್ಲ. ನಿಂಟೆಂಡೊ ಸೋತರೆ ಒಲೆ ಹೊತ್ತುವುದಿಲ್ಲ, ಅದಕ್ಕೆ ಬೇರೆ ಕಸುಬಿಲ್ಲ. ಇವರು ಆಕ್ಟಿವಿಷನ್ ಬ್ಲಿಜರ್ಡ್ ಎಂಬ ಕಂಪೆನಿಯನ್ನು 6,870 ಕೋಟಿ ಡಾಲರಿಗೆ ಕೊಂಡವರು; ಯಂತ್ರ ಮಾರದಿದ್ದರೆ ಆಟ ಮಾರುತ್ತಾರೆ, ಅದೂ ಸೋನಿಯ ಯಂತ್ರದಲ್ಲಿ. ನಿಮ್ಮ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕಲು ಬಾಯಿಯೇ ಇಲ್ಲ. ಅಣ್ಣನಾದ ಸೀರೀಸ್ ಎಕ್ಸ್‌ನಲ್ಲಿ 2001ರ ಮೊದಲ ಎಕ್ಸ್‌ಬಾಕ್ಸಿನ ಎಷ್ಟೋ ಡಿಸ್ಕುಗಳೂ ಓಡುತ್ತವೆ. ಹಳೆಯದನ್ನು ಇಷ್ಟು ಮರ್ಯಾದೆಯಿಂದ ಉಳಿಸಿಕೊಂಡವರು ಮೂವರಲ್ಲಿ ಇವರೊಬ್ಬರೇ. ಸೆಕೆಂಡ್ ಹ್ಯಾಂಡ್ ಎಕ್ಸ್ ಸಿಕ್ಕಿದರೆ ಬದಲಿಸಿಕೊಳ್ಳಿ.

ಮಿಂಚು ಹೊಡೆದು ಪ್ಲೇಸ್ಟೇಷನ್ ಹಾಳಾಯಿತು. ಪ್ಲಗ್ ತೆಗೆದೇ ಇಟ್ಟಿದ್ದೆವು. ಹೇಗಾಯಿತು? ಇನ್ವರ್ಟರಿನಲ್ಲಿ ಆಡಬಹುದೇ?
– ಓದುಗರು, ಮುಳ್ಳೇರಿಯ

ಪ್ಲಗ್ ತೆಗೆದಿರಿ, ಎಚ್‌ಡಿಎಂಐ ವೈರ್ ತೆಗೆಯಲಿಲ್ಲ. ಡಿಶ್ಶಿನ ವೈರಿನಿಂದ ಟಿ.ವಿ.ಗೆ, ಟಿ.ವಿ.ಯಿಂದ ಎಚ್‌ಡಿಎಂಐ ಮೂಲಕ ಯಂತ್ರಕ್ಕೆ ಪೆಟ್ಟು ಬರುತ್ತದೆ. ತುಲಾ ಮಾಸದ ಗುಡುಗು ಮುಗಿಯುವ ಹೊತ್ತಿಗೆ ನನ್ನ ಮೇಜಿನ ಮೇಲೆ ಬರುವ ಯಂತ್ರಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಇದೇ: ದೀಪ ಹೊತ್ತುತ್ತದೆ, ಚಿತ್ರ ಬರುವುದಿಲ್ಲ. ಎಚ್‌ಡಿಎಂಐಯ ಒಂದು ಚಿಪ್ ಬದಲಿಸಿದರೆ ಹಲವು ಸಲ ಬದುಕುತ್ತದೆ, ಎಸೆಯಬೇಡಿ. ರೌಟರಿನಿಂದ ಬರುವ ಲ್ಯಾನ್ ವೈರನ್ನೂ ಕಿತ್ತಿಡಿ. ಮುರಕಲ್ಲಿನ ಗುಡ್ಡದ ಮೇಲಿನ ಮನೆಯಾದರೆ ಅರ್ತಿಂಗ್ ಸರಿಯಾಗಿದೆಯೇ ಎಂದು ಬೇಸಿಗೆಯಲ್ಲಿಯೇ ಪರೀಕ್ಷೆ ಮಾಡಿಸಿ.

ಇನ್ವರ್ಟರಿನಲ್ಲಿ ಆಡಬಹುದು, ಅದು ಸೈನ್ ವೇವ್ ಮಾದರಿಯದ್ದಾಗಿರಬೇಕು, ಅದರ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಇಟ್ಟಿರಬೇಕು. ಪ್ಲೇಸ್ಟೇಷನ್ 5 ದೊಡ್ಡ ಆಟಕ್ಕೆ ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿ.ವಿ. ಬೇರೆ; ಬ್ಯಾಟರಿ ಹಳೆಯದಾದರೆ ಫ್ಯಾನ್ ನಿಲ್ಲಿಸಿ ಆಡಬೇಕಾದೀತು. ಆಟ ಮುಗಿದ ಮೇಲೆ ಅರೆನಿದ್ದೆಯಲ್ಲಿ ಬಿಡಬೇಡಿ, ಪೂರ್ತಿ ಆರಿಸಿ. ಯಂತ್ರವನ್ನು ಅಂಗಡಿಗೆ ತರುವುದಾದರೆ ಕಂಟ್ರೋಲರ್ ಬೇಡ, ನನ್ನಲ್ಲಿದೆ. ಒಳಗೆ ಜಿರಲೆ ಇದ್ದರೆ ಮೊದಲೇ ಹೇಳಿ, ಹೊರಗೆ ಜಗಲಿಯಲ್ಲಿ ಬಿಚ್ಚುತ್ತೇನೆ.