ಗೋಡೆ ಮೇಲಿನ ಚಿತ್ರಕ್ಕೆ ಯಜಮಾನ ಯಾರು?

ಹೋದ ಸಂಚಿಕೆಯ ಪ್ರಶ್ನೋತ್ತರದಲ್ಲಿ ಒಂದು ಮಾತು ಬರೆದಿದ್ದೆ: ಸಾರ್ವಜನಿಕ ಕಲಾ ಗ್ಯಾಲರಿಯ ಚಿತ್ರ ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ ಅಂತ. ಅದು ಜಾಣತನದ ಮಾತು, ಉತ್ತರ ಅಲ್ಲ ಎಂದು ಓದುಗರು ತಿರುಗಿಬಿದ್ದಿದ್ದಾರೆ. ಒಪ್ಪಿದೆ. ಹಾಗಾಗಿ ಈ ಸಲದ ಪ್ರಶ್ನೆಗಳೆಲ್ಲ ಅದರದ್ದೇ.

ಪ್ರಶ್ನೆ: ಸಾರ್ವಜನಿಕ ಗ್ಯಾಲರಿ ಅಂದಮೇಲೆ ಅದು ಸರ್ಕಾರದ್ದೇ ತಾನೆ? ಮಂತ್ರಿ ಹೇಳಿದ ಹಾಗೆ ನಡೆದರಾಯಿತು. ಮಧ್ಯೆ ಈ ಟ್ರಸ್ಟಿಗಳು, ಮಂಡಳಿ ಎಲ್ಲ ಯಾಕೆ?

ಉತ್ತರ: ಮೊದಲು ಆ ಗ್ಯಾಲರಿಯ ಜಾತಕ ನೋಡಬೇಕು. ಎಲ್ಲವೂ ಒಂದೇ ಥರ ಹುಟ್ಟಿರುವುದಿಲ್ಲ. ಕೆಲವು ಇಲಾಖೆಯ ಒಂದು ಕಚೇರಿ ಇದ್ದ ಹಾಗೆ. ದೆಹಲಿಯಲ್ಲಿ 1954ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಹಾಗೆಯೇ ಸಂಸ್ಕೃತಿ ಸಚಿವಾಲಯದ ಕೈಕೆಳಗಿದೆ. ಕೆಲವು ಸೊಸೈಟಿಯಾಗಿಯೋ ಟ್ರಸ್ಟ್ ಆಗಿಯೋ ನೋಂದಣಿಯಾದವು. ಇನ್ನು ಕೆಲವಕ್ಕೆ ಸಂಸತ್ತೇ ಕಾಯ್ದೆ ಮಾಡಿಕೊಟ್ಟಿರುತ್ತದೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ 1961ರಲ್ಲಿ ಹೀಗೆ ಕಾಯ್ದೆ ಬಂತು.

ಸ್ವಾರಸ್ಯ ಇರುವುದು ಈ ಕೊನೆಯ ಥರದ್ದರಲ್ಲಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿ ತೆಗೆದುಕೊಳ್ಳಿ. ಸರ್ಕಾರ 1824ರಲ್ಲಿ ಒಬ್ಬ ಬ್ಯಾಂಕರಿನ ಸಂಗ್ರಹದಿಂದ 38 ಚಿತ್ರಗಳನ್ನು 57,000 ಪೌಂಡಿಗೆ ಕೊಂಡು ಅದನ್ನು ಶುರುಮಾಡಿತು. ಈಗ 1992ರ ಕಾಯ್ದೆ ಪ್ರಕಾರ ಸಂಗ್ರಹವೆಲ್ಲ ಟ್ರಸ್ಟಿಗಳ ಮಂಡಳಿಯ ಹೆಸರಿನಲ್ಲಿದೆ. ಕಾನೂನಿನ ಲೆಕ್ಕದಲ್ಲಿ ಆ ಮಂಡಳಿಯೇ ಒಬ್ಬ ವ್ಯಕ್ತಿ: ಆಸ್ತಿ ಇಟ್ಟುಕೊಳ್ಳಬಹುದು, ಒಪ್ಪಂದಕ್ಕೆ ಸಹಿ ಹಾಕಬಹುದು, ಕೋರ್ಟಿಗೆ ಹೋಗಬಹುದು, ಅದನ್ನೂ ಕೋರ್ಟಿಗೆ ಎಳೆಯಬಹುದು. ಟ್ರಸ್ಟಿಗಳು 12ರಿಂದ 14 ಜನ. ಒಬ್ಬರನ್ನು ಅಲ್ಲಿನ ಇನ್ನೊಂದು ರಾಷ್ಟ್ರೀಯ ಸಂಸ್ಥೆಯಾದ ಟೇಟ್ ಗ್ಯಾಲರಿಯ ಮಂಡಳಿ ತನ್ನವರಲ್ಲೇ ಆರಿಸಿ ಕಳಿಸುತ್ತದೆ, ಉಳಿದವರನ್ನು ಪ್ರಧಾನಿ ನೇಮಿಸುತ್ತಾರೆ. ನೇಮಕ ಪ್ರಧಾನಿಯದು, ಆದರೆ ಯಾವ ಚಿತ್ರ ಕೊಳ್ಳಬೇಕು, ಯಾವುದನ್ನು ತೂಗುಹಾಕಬೇಕು, ಯಾವುದನ್ನು ಯಾರಿಗೆ ಎರವಲು ಕೊಡಬೇಕು ಅನ್ನುವುದು ಮಂಡಳಿಯ ಕೆಲಸ. ಮಂತ್ರಿ ಬಂದು ನಮ್ಮೂರಿನವರ ಚಿತ್ರ ಮುಂದಿನ ಕೋಣೆಯಲ್ಲಿರಲಿ ಅಂದರೆ ಮಂಡಳಿ ನಕ್ಕು ಸುಮ್ಮನಿರಬಹುದು. ಹಾಗಂತ ಸರ್ಕಾರಕ್ಕೆ ಹಿಡಿತವೇ ಇಲ್ಲ ಅಂತಲ್ಲ. ಅನುದಾನದ ಗಂಟು ಅದರ ಕೈಯಲ್ಲೇ ಇದೆ, ಗಂಟಿನ ಜೊತೆ ಷರತ್ತುಗಳೂ ಬರುತ್ತವೆ.

ಇನ್ನೊಂದು ಉದಾಹರಣೆ ನನಗೆ ಇಷ್ಟ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕಲಾ ಗ್ಯಾಲರಿಗೆ 1980ರ ಒಂದು ಕಾಯ್ದೆ ಇದೆ. 11 ಟ್ರಸ್ಟಿಗಳು, ಅವರಲ್ಲಿ ಕನಿಷ್ಠ 2 ಜನಕ್ಕಾದರೂ ದೃಶ್ಯಕಲೆಯ ತಿಳಿವಳಿಕೆ, ಅನುಭವ ಇರಬೇಕು ಅನ್ನುತ್ತದೆ. ಮೊದಲ ಸಲ ಓದಿದಾಗ ನಗು ಬಂತು. ಕಲೆಯ ಮನೆಗೆ ಕಲೆ ಗೊತ್ತಿದ್ದವರು ಇಬ್ಬರು ಸಾಕೇ? ಆದರೆ ಮಂಡಳಿಯ ಸಭೆಯಲ್ಲಿ ಜಾಸ್ತಿ ಹೊತ್ತು ಹೋಗುವುದು ಸೋರುವ ಚಾವಣಿ, ವಿಮೆ, ಸಿಬ್ಬಂದಿ ಸಂಬಳ, ಆಡಿಟ್ ಆಕ್ಷೇಪಣೆಗಳ ಮೇಲೆ. ಅದಕ್ಕೆ ಲೆಕ್ಕ ಗೊತ್ತಿದ್ದವರೂ ಬೇಕು. ಚಿತ್ರದ ಮಾತಿಗೆ ನಿರ್ದೇಶಕರು ಮತ್ತು ಸಂಗ್ರಹ ನೋಡಿಕೊಳ್ಳುವ ಕ್ಯುರೇಟರುಗಳು ಇದ್ದೇ ಇರುತ್ತಾರಲ್ಲ.

ಪ್ರಶ್ನೆ: ಉಗ್ರಾಣದಲ್ಲಿ ಧೂಳು ಹಿಡಿದು ಬಿದ್ದಿರುವ ಚಿತ್ರ ಎಷ್ಟೋ ಇರುತ್ತವೆ. ದುಡ್ಡಿಲ್ಲ ಅಂತ ಅಳುವ ಬದಲು ನಾಲ್ಕು ಮಾರಿದರೆ ಏನು ಗಂಟು ಹೋಗುತ್ತದೆ?

ಉತ್ತರ: ಮಾರಬಹುದೋ ಇಲ್ಲವೋ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸಿನಲ್ಲಿ ಸಾರ್ವಜನಿಕ ಮ್ಯೂಸಿಯಮ್ಮುಗಳ ಸಂಗ್ರಹ ಮಾರುವ ವಸ್ತುವೇ ಅಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಗೂ ಹಾಗೇ, ಬೇರೆ ರಾಷ್ಟ್ರೀಯ ಸಂಸ್ಥೆಗೆ ವರ್ಗಾಯಿಸಬಹುದೇ ಹೊರತು ಹರಾಜಿಗೆ ಕಳಿಸುವಂತಿಲ್ಲ. ಅದೇ ಕಾಯ್ದೆ ಟೇಟ್ ಗ್ಯಾಲರಿಗೆ ಮಾತ್ರ ಸ್ವಲ್ಪ ಸಡಿಲ ಕೊಟ್ಟಿದೆ.

ಕಾಯ್ದೆ ಇಂಥ ಬೇಲಿ ಹಾಕದೆ ಇದ್ದರೆ ಏನಾಗುತ್ತದೆ ಅಂತ ಅಮೆರಿಕದ ಡೆಟ್ರಾಯಿಟ್ ತೋರಿಸಿಕೊಟ್ಟಿತು. ಅಲ್ಲಿನ ಕಲಾ ಸಂಸ್ಥೆಯ ಸಂಗ್ರಹ ನಗರಸಭೆಯ ಹೆಸರಿನಲ್ಲಿತ್ತು. ಬ್ರೂಗಲ್, ವ್ಯಾನ್ ಗೋ ಥರದ ಹೆಸರಾಂತ ಚಿತ್ರಕಾರರ ಕೃತಿಗಳಿದ್ದ ಸಂಗ್ರಹ. 2013ರ ಜುಲೈನಲ್ಲಿ ನಗರ ದಿವಾಳಿ ಅರ್ಜಿ ಹಾಕಿತು, ಸಾಲ ಸುಮಾರು 1,800 ಕೋಟಿ ಡಾಲರ್. ಸಾಲ ಕೊಟ್ಟವರ ಕಣ್ಣು ನೇರವಾಗಿ ಗೋಡೆಯ ಕಡೆ ಹೋಯಿತು. ನಗರದ ದುಡ್ಡಿನಲ್ಲಿ ಕೊಂಡ ಚಿತ್ರಗಳಿಗಷ್ಟೇ ಹರಾಜು ಸಂಸ್ಥೆಯಿಂದ ಬೆಲೆ ಕಟ್ಟಿಸಿದರು: 45.4 ಕೋಟಿಯಿಂದ 86.7 ಕೋಟಿ ಡಾಲರ್. ಇತ್ತ ರಾಜ್ಯದ ಅಟಾರ್ನಿ ಜನರಲ್, ಇವು ಜನರ ಪರವಾಗಿ ಇಟ್ಟುಕೊಂಡಿರುವ ದತ್ತಿಯ ವಸ್ತುಗಳು, ಸಾಲಕ್ಕೆ ಮುಟ್ಟುವಂತಿಲ್ಲ ಅಂತ ಅಭಿಪ್ರಾಯ ಕೊಟ್ಟರು. ಕೊನೆಗೆ ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ, ಗ್ಯಾಲರಿಗೆ ದಾನ ಕೊಡುವವರು ಎಲ್ಲ ಸೇರಿ ಸುಮಾರು 81.6 ಕೋಟಿ ಡಾಲರ್ ಹೊಂದಿಸಲು ಒಪ್ಪಿದರು. ಆ ದುಡ್ಡು ನಗರದ ನಿವೃತ್ತ ನೌಕರರ ಪಿಂಚಣಿಗೆ. ಬದಲಿಗೆ ಚಿತ್ರಗಳು 2014ರಲ್ಲಿ ನಗರದ ಕೈ ತಪ್ಪಿ ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆಯ ಹೆಸರಿಗೆ ಹೋದವು. ಒಬ್ಬ ಮುದುಕನ ಪಿಂಚಣಿಯೋ ಒಂದು ಬ್ರೂಗಲ್ ಚಿತ್ರವೋ ಅಂತ ಯಾರಾದರೂ ಕೇಳಿದರೆ ನನಗೂ ಸಲೀಸಾಗಿ ಉತ್ತರ ಹೇಳಲು ಬರುವುದಿಲ್ಲ. ಆದರೆ ಆ ಪ್ರಶ್ನೆ ಏಳುವುದೇ ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ಒಂದು ಸಾಲಿನಿಂದ.

ಇನ್ನು ಧೂಳಿನ ಮಾತು. ಇವತ್ತು ಮೂಲೆಯಲ್ಲಿರುವ ಚಿತ್ರಕಾರ ಐವತ್ತು ವರ್ಷದ ಮೇಲೆ ಎಲ್ಲಿರುತ್ತಾನೋ ಯಾರಿಗೆ ಗೊತ್ತು? ಮಾರಿದ್ದನ್ನು ಮತ್ತೆ ಕೊಳ್ಳೋದು ಆಗದ ಮಾತು.

ಪ್ರಶ್ನೆ: ಕದ್ದ ಮಾಲು ಅಂತ ಗೊತ್ತಾದ ಮೇಲೂ ದೊಡ್ಡ ದೊಡ್ಡ ಸಂಸ್ಥೆಗಳು ವಾಪಸ್ ಕೊಡುವುದಿಲ್ಲವಲ್ಲ, ಇದಕ್ಕಿಂತ ನಾಚಿಕೆಗೇಡು ಇದೆಯೇ?

ಉತ್ತರ: ಕೆಲವರು ಮನಸ್ಸಿಲ್ಲದೆ ಕೊಡುವುದಿಲ್ಲ. ಕೆಲವರಿಗೆ ಮನಸ್ಸಿದ್ದರೂ ಕೊಡಲು ಆಗುವುದಿಲ್ಲ. ಮೇಲೆ ಹೇಳಿದ ಬೇಲಿ ಇದೆಯಲ್ಲ, ಅದು ಒಳಗಿನಿಂದಲೂ ಚುಚ್ಚುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ನಾಲ್ಕು ಹಳೆಯ ರೇಖಾಚಿತ್ರಗಳಿದ್ದವು. ಆಗಿನ ಚೆಕೊಸ್ಲೊವಾಕಿಯಾದ ಬ್ರನೋ ನಗರದ ಆರ್ಥರ್ ಫೆಲ್ಡ್‌ಮನ್ ಎಂಬುವರ ಸಂಗ್ರಹದವು. 1939ರಲ್ಲಿ ನಾತ್ಸಿ ಪೊಲೀಸರು ಅವರ ಮನೆಯಿಂದ ಕಿತ್ತುಕೊಂಡು ಹೋಗಿದ್ದರು. ಅವರ ವಾರಸುದಾರರು ಕೇಳಿದಾಗ ಟ್ರಸ್ಟಿಗಳಿಗೆ ಕೊಡುವ ಮನಸ್ಸೇ ಇತ್ತು. ಆದರೆ 1963ರ ಮ್ಯೂಸಿಯಂ ಕಾಯ್ದೆ ಅಡ್ಡ ಬಂತು. ನೈತಿಕವಾಗಿ ಕೊಡಬೇಕು ಅನ್ನಿಸಿದರೆ ಕೊಡಬಹುದೇ ಅಂತ ಕೋರ್ಟನ್ನು ಕೇಳಿದರು. 2005ರಲ್ಲಿ ಬಂದ ಉತ್ತರ: ಇಲ್ಲ, ಕಾಯ್ದೆ ಬೇಡ ಅಂದದ್ದನ್ನು ಟ್ರಸ್ಟಿಗಳ ಮನಸ್ಸಾಕ್ಷಿ ಮಾಡುವಂತಿಲ್ಲ. ಆಮೇಲೆ ಕುಟುಂಬಕ್ಕೆ ದುಡ್ಡು ಕೊಟ್ಟು ಆ ವ್ಯಾಜ್ಯ ಮುಗಿಸಿದರು. ನಾತ್ಸಿ ಕಾಲದಲ್ಲಿ ಕಳೆದುಹೋದ ವಸ್ತುಗಳನ್ನು ವಾಪಸ್ ಕೊಡಲು ದಾರಿಮಾಡುವ ಕಾಯ್ದೆ ಬಂದದ್ದು 2009ರಲ್ಲಿ.

ಫ್ರಾನ್ಸಿನಲ್ಲೂ ಇದೇ ಕಥೆ. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದ್ದ, ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ನ ಗುಲಾಬಿ ಗಿಡಗಳ ಚಿತ್ರವೂ ಸೇರಿದಂತೆ 15 ವಸ್ತುಗಳನ್ನು ಯಹೂದಿ ಕುಟುಂಬಗಳಿಗೆ ಹಿಂದಿರುಗಿಸಲು 2022ರ ಫೆಬ್ರವರಿಯಲ್ಲಿ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಬಾಗಿಲಿಗೆ ಅಷ್ಟು ಗಟ್ಟಿ ಬೀಗ.

ಪ್ರಶ್ನೆ: ನಮ್ಮ ತಂದೆಯವರು ಕೂಡಿಟ್ಟ ಚಿತ್ರಗಳನ್ನು ಗ್ಯಾಲರಿಗೆ ಕೊಡಬೇಕೆಂದಿದ್ದೇವೆ. ಎಲ್ಲವನ್ನೂ ಒಂದೇ ಕೋಣೆಯಲ್ಲಿ, ಯಾವಾಗಲೂ ತೂಗುಹಾಕಿರಬೇಕು, ಎಲ್ಲಿಗೂ ಕಳಿಸಬಾರದು ಅಂತ ಷರತ್ತು ಹಾಕಬಹುದೇ?

ಉತ್ತರ: ಹಾಕಬಹುದು. ಅವರು ಒಪ್ಪಿ ತೆಗೆದುಕೊಂಡರೆ ಷರತ್ತು ಅವರನ್ನು ಕಟ್ಟುತ್ತದೆ. ಆದರೆ ಹಾಕಬೇಡಿ ಅನ್ನುವುದು ನನ್ನ ಸಲಹೆ. ವಿಲಿಯಂ ಬರೆಲ್ ಎಂಬ ಹಡಗಿನ ವ್ಯಾಪಾರಿ 1944ರಲ್ಲಿ ತನ್ನ ದೊಡ್ಡ ಸಂಗ್ರಹವನ್ನು ಗ್ಲಾಸ್ಗೋ ನಗರಕ್ಕೆ ಕೊಟ್ಟ. ಕಲ್ಲಿದ್ದಲಿನ ಹೊಗೆ ತಾಗಬಾರದು, ಊರಿನ ನಡುವಿನಿಂದ 16 ಮೈಲಿಯಾದರೂ ದೂರ ಇಡಬೇಕು ಅಂದ. ವಿದೇಶಕ್ಕೆ ಎರವಲು ಕೊಡಕೂಡದು ಅಂದ. ಅಂಥ ಜಾಗ ಹುಡುಕುವುದರಲ್ಲೇ ದಶಕಗಳು ಹೋದವು, ಕಡೆಗೆ ದೂರದ ಷರತ್ತು ಸಡಿಲಿಸಿ 1983ರಲ್ಲಿ ಬಾಗಿಲು ತೆರೆದರು. ಎರವಲಿನ ಷರತ್ತನ್ನು ಸಡಿಲಿಸಲು 2014ರಲ್ಲಿ ಸ್ಕಾಟ್ಲೆಂಡಿನ ಸಂಸತ್ತೇ ಕಾಯ್ದೆ ಮಾಡಿತು. ಒಬ್ಬ ಮನುಷ್ಯನ ಒಂದು ಸಾಲು ಎಪ್ಪತ್ತು ವರ್ಷ ಕಾಡಿತು ನೋಡಿ.

ಷರತ್ತಿಗಿಂತ ಕಾಗದಪತ್ರ ಸರಿಯಾಗಿ ಮಾಡಿಸುವುದು ಮುಖ್ಯ. ಹ್ಯೂ ಲೇನ್ ಎಂಬ ಐರಿಷ್ ಸಂಗ್ರಹಕಾರ 39 ಚಿತ್ರಗಳನ್ನು ಲಂಡನ್ನಿಗೆ ಬರೆದಿಟ್ಟಿದ್ದ. ಆಮೇಲೆ ಮನಸ್ಸು ಬದಲಾಯಿಸಿ, ಅವು ಡಬ್ಲಿನ್ನಿಗೆ ಸೇರಲಿ ಅಂತ 1915ರ ಫೆಬ್ರವರಿಯಲ್ಲಿ ಉಯಿಲಿಗೆ ತಿದ್ದುಪಡಿ ಬರೆದ. ಸಹಿಯನ್ನೂ ಹಾಕಿದ. ಲಕೋಟೆಗೆ ಹಾಕಿ ಮೇಜಿನಲ್ಲಿಟ್ಟ. ಸಾಕ್ಷಿಗಳ ಸಹಿ ಮಾತ್ರ ಹಾಕಿಸಲಿಲ್ಲ. ಅದೇ ಮೇ 7ರಂದು ಜರ್ಮನ್ ಜಲಾಂತರ್ಗಾಮಿ ಲ್ಯುಸಿಟಾನಿಯಾ ಹಡಗನ್ನು ಮುಳುಗಿಸಿದಾಗ ಅವನೂ ಮುಳುಗಿದ. ಅವನ ಇಚ್ಛೆ ಏನಿತ್ತು ಅನ್ನುವುದು ಆ ಕಾಗದದಲ್ಲೇ ಇತ್ತು, ಆದರೂ ಕಾನೂನಿನ ಪ್ರಕಾರ ಚಿತ್ರಗಳು ಲಂಡನ್ನಿನ ಪಾಲಾದವು. ಎರಡೂ ಕಡೆ ಹಂಚಿಕೊಂಡು ತೋರಿಸುವ ಒಪ್ಪಂದವಾದದ್ದು 1959ರಲ್ಲಿ. ಇಬ್ಬರು ಸಾಕ್ಷಿಗಳನ್ನು ಕರೆದು ಸಹಿ ಹಾಕಿಸಲು ಎಷ್ಟು ಹೊತ್ತು ಬೇಕಿತ್ತು?

ಪ್ರಶ್ನೆ: ಸ್ಪರ್ಧೆಯಲ್ಲಿ ಕೆಟ್ಟ ಚಿತ್ರಕ್ಕೆ ಬಹುಮಾನ ಕೊಟ್ಟಿದ್ದಾರೆ. ನನ್ನದು ಕಸದ ಬುಟ್ಟಿಗೆ. ಗ್ಯಾಲರಿಯ ಮೇಲೆ ಕೇಸ್ ಹಾಕಬಹುದೇ?

ಉತ್ತರ: ಹಾಕಿದವರಿದ್ದಾರೆ. ನ್ಯೂ ಸೌತ್ ವೇಲ್ಸ್ ಗ್ಯಾಲರಿ ನಡೆಸುವ ಆರ್ಚಿಬಾಲ್ಡ್ ಬಹುಮಾನ ಒಬ್ಬ ಪತ್ರಕರ್ತನ ಉಯಿಲಿನಿಂದ ಬಂದದ್ದು. ಅತ್ಯುತ್ತಮ ಭಾವಚಿತ್ರಕ್ಕೆ ಅಂತ ಬರೆದಿಟ್ಟು ಹೋಗಿದ್ದ. 1943ರ ಬಹುಮಾನ ವಿಲಿಯಂ ಡೋಬೆಲ್‌ಗೆ ಬಂತು. ಗೆಳೆಯ ಜೋಶುವಾ ಸ್ಮಿತ್‌ನ ಚಿತ್ರ: ಉದ್ದದ ಕತ್ತು, ಕಡ್ಡಿಯಂಥ ತೋಳು. ಸೋತ ಇಬ್ಬರು ಕೋರ್ಟಿಗೆ ಹೋದರು. ಇದು ಭಾವಚಿತ್ರವೇ ಅಲ್ಲ, ವ್ಯಂಗ್ಯಚಿತ್ರ, ಹಾಗಾಗಿ ಟ್ರಸ್ಟಿಗಳು ಉಯಿಲನ್ನು ಮುರಿದಿದ್ದಾರೆ ಅಂತ ಅವರ ವಾದ. ಒಬ್ಬ ವೈದ್ಯರು ಕಟಕಟೆಯಲ್ಲಿ ನಿಂತು, ಇದು ಸತ್ತು ಒಣಗಿದ ದೇಹದ ಹಾಗಿದೆ ಅನ್ನುವ ಅರ್ಥದಲ್ಲಿ ಸಾಕ್ಷಿ ನುಡಿದರು. ಪಾಪ, ಸ್ಮಿತ್ ಇನ್ನೂ ಬದುಕಿದ್ದ! ನ್ಯಾಯಾಧೀಶ ರೋಪರ್ 1944ರಲ್ಲಿ ದಾವೆ ವಜಾ ಮಾಡಿದರು. ಹೋಲಿಕೆ ಇದೆ, ಭಾವಚಿತ್ರವೇ ಹೌದು, ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಟ್ರಸ್ಟಿಗಳಿಗೆ ಬಿಟ್ಟದ್ದು.

2004ರ ವಿಜೇತ ಚಿತ್ರಕ್ಕೂ ಹೀಗೇ ತಕರಾರು ಬಂತು. ಇದ್ದಿಲಿನಲ್ಲಿ ಬಿಡಿಸಿದ್ದು ರೇಖಾಚಿತ್ರ, ಬಣ್ಣದ ಚಿತ್ರ ಅಲ್ಲ ಅಂತ. 2006ರಲ್ಲಿ ಅದೂ ಬಿದ್ದುಹೋಯಿತು. ಆದ್ದರಿಂದ ನೀವು ಕೆಟ್ಟ ಚಿತ್ರ ಅಂತ ಹೋದರೆ ಸೋಲುತ್ತೀರಿ. ತೀರ್ಪುಗಾರರೊಬ್ಬರು ವಿಜೇತನ ಮಾವ, ನಿಯಮದಲ್ಲಿ ಇಲ್ಲದ್ದನ್ನು ಮಾಡಿದ್ದಾರೆ, ಅರ್ಜಿ ತೆರೆದೇ ನೋಡಿಲ್ಲ, ಇಂಥದ್ದೇನಾದರೂ ಇದ್ದರೆ ಮಾತ್ರ ವಕೀಲರನ್ನು ನೋಡಿ. ಕೋರ್ಟು ಕೇಳುವುದು ನಡೆದುಕೊಂಡ ರೀತಿಯನ್ನು, ರುಚಿಯನ್ನಲ್ಲ.

ಪ್ರಶ್ನೆ: ಗ್ಯಾಲರಿಯಲ್ಲಿ ಫೋಟೊ ತೆಗೆದು ಆನ್‌ಲೈನಿಗೆ ಹಾಕಿದರೆ ತಪ್ಪೇ?

ಉತ್ತರ: ಚಿತ್ರಕಾರ ತೀರಿಕೊಂಡು ಎಷ್ಟು ವರ್ಷವಾಯಿತು ನೋಡಿ. ಭಾರತದಲ್ಲಿ 60 ವರ್ಷ, ಯುರೋಪಿನಲ್ಲಿ 70 ವರ್ಷ ದಾಟಿದ್ದರೆ ಕೃತಿಸ್ವಾಮ್ಯದ ಚಿಂತೆ ಇಲ್ಲ. ದಾಟದಿದ್ದರೆ ಗ್ಯಾಲರಿ ಒಪ್ಪಿಗೆ ಕೊಟ್ಟರೂ ಸಾಲದು, ಏಕೆಂದರೆ ಚಿತ್ರ ಕೊಂಡವರಿಗೆಲ್ಲ ಕೃತಿಸ್ವಾಮ್ಯ ಬರುವುದಿಲ್ಲ. ಇನ್ನು ಫೋಟೊ ಬೇಡ ಅನ್ನುವ ಬೋರ್ಡು ಒಳಗೆ ಬಿಡುವ ಷರತ್ತು ಅಷ್ಟೇ, ಎಷ್ಟೋ ಸಲ ಎರವಲು ತಂದ ಚಿತ್ರದ ಒಪ್ಪಂದದಿಂದ ಬಂದದ್ದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ತನ್ನ ಹಳೆಯ ಚಿತ್ರಗಳ ಒಳ್ಳೆಯ ಪ್ರತಿಗಳನ್ನು ತಾನೇ ಪುಕ್ಕಟೆ ಕೊಡುತ್ತದೆ. ಎಲ್ಲರೂ ಹಾಗೆ ಮಾಡಬಾರದೇ?

ಪ್ರಶ್ನೆ: ನಾನು ಕಲಾವಿದೆ. ಇಪ್ಪತ್ತು ವರ್ಷದ ಹಿಂದೆ ಒಂದು ಗ್ಯಾಲರಿ ನನ್ನ ಚಿತ್ರ ಕೊಂಡಿತ್ತು. ಈಗ ನೋಡಿದರೆ ಎಡಗಡೆಯ ನೀಲಿ ತಪ್ಪಾಗಿದೆ. ಹೋಗಿ ತಿದ್ದಬಹುದೇ? ಅವರೇ ತಿದ್ದಿದರೆ, ಹಾಳುಮಾಡಿದರೆ ಏನು ಮಾಡಲಿ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಚಿತ್ರ ಮಾರಿದ ಮೇಲೂ ಅದನ್ನು ವಿರೂಪ ಮಾಡಿದರೆ ಪ್ರಶ್ನಿಸುವ ಹಕ್ಕು ಕಲಾವಿದರ ಹತ್ತಿರ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಎಸೆದಿದ್ದರು. ಸೆಹಗಲ್ ಸರ್ಕಾರದ ಮೇಲೇ ದಾವೆ ಹೂಡಿದರು. 2005ರಲ್ಲಿ ದೆಹಲಿ ಹೈಕೋರ್ಟು, ಉಳಿದ ತುಂಡುಗಳನ್ನು ಅವರಿಗೇ ಕೊಡಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿ ಅಂದಿತು. ಸರ್ಕಾರದ ಸ್ವಂತ ಆಸ್ತಿಯಾಗಿದ್ದರೂ!

ಆದರೆ ಆ ಹಕ್ಕು ಇದೆ ಅಂತ ನೀವು ಬಣ್ಣದ ಡಬ್ಬಿ ಹಿಡಿದು ಹೋಗುವಂತಿಲ್ಲ. ಫ್ರಾನ್ಸಿನ ಪಿಯೆರ್ ಬೊನಾರ್ ಬಗ್ಗೆ ಒಂದು ಕಥೆ ಹೇಳುತ್ತಾರೆ: ಗೆಳೆಯನನ್ನು ಕಾವಲುಗಾರನ ಜೊತೆ ಮಾತಿಗೆ ಹಚ್ಚಿ, ಮ್ಯೂಸಿಯಂನಲ್ಲಿದ್ದ ತನ್ನದೇ ಚಿತ್ರಕ್ಕೆ ಕುಂಚ ತೆಗೆದು ಒಂದೆರಡು ಗೀರು ಎಳೆದನಂತೆ. ಈಗ ಹಾಗೆ ಮಾಡಿದರೆ ಸಿಸಿ ಕ್ಯಾಮೆರಾ ನೋಡಿ ಪೊಲೀಸರು ಬರುತ್ತಾರೆ, ಚಿತ್ರ ನಿಮ್ಮದೇ ಕೈಯದ್ದಾದರೂ ಆಸ್ತಿ ಅವರದ್ದು. ನಿರ್ದೇಶಕರಿಗೆ ಒಂದು ಪತ್ರ ಬರೆಯಿರಿ. ಯಾವ ನೀಲಿ, ಯಾವ ಬಣ್ಣದಿಂದ ಮಾಡಿದ್ದು, ಯಾಕೆ ತಪ್ಪು ಅನ್ನಿಸುತ್ತಿದೆ ಅಂತ ವಿವರವಾಗಿ ಬರೆದರೆ ಅದು ಆ ಚಿತ್ರದ ಕಡತಕ್ಕೆ ಸೇರುತ್ತದೆ, ಮುಂದೆ ಅದನ್ನು ದುರಸ್ತಿ ಮಾಡುವವರಿಗೆ ಉಪಯೋಗಕ್ಕೂ ಬರುತ್ತದೆ. ನೋಡಿಕೊಂಡು ಬರಲು ಹೋಗುವುದಾದರೆ ಧಾರಾಳವಾಗಿ ಹೋಗಿ, ಕುಂಚ ಮಾತ್ರ ಮನೆಯಲ್ಲೇ ಇರಲಿ.