ಹಿತ್ತಲ ಮಣ್ಣಿನಲ್ಲಿ ಸೀಸ: ನಕ್ಷೆ ಎಷ್ಟು ಹೇಳಬಲ್ಲದು?

ಪ್ರಶ್ನೆ: ಬೆಂಗಳೂರಿನ ಬಸ್ಸು ಓಡಾಡುವ ರಸ್ತೆಯೊಂದರ ಬದಿಯಲ್ಲಿ ನಮ್ಮ ಹಳೆಯ ಮನೆಯಿದೆ. ಹಿತ್ತಲಿನಲ್ಲಿ ದಂಟು, ಪಾಲಕ್, ಮೂಲಂಗಿ ಬೆಳೆಯುತ್ತೇವೆ. ಮೊಮ್ಮಗ ಅಲ್ಲಿಯೇ ಆಡುತ್ತಾನೆ. ನಗರದ ಮಣ್ಣಿನಲ್ಲಿರುವ ಸೀಸದಂಥ ಭಾರಲೋಹಗಳ ನಕ್ಷೆಯನ್ನು ಹೇಗೆ ತಯಾರಿಸುತ್ತಾರೆ? ಅದನ್ನು ನೋಡಿ ನಮ್ಮ ಮಣ್ಣಿನ ಸ್ಥಿತಿಯನ್ನು ತಿಳಿಯಬಹುದೇ?

ಉತ್ತರ: ಅಂಥ ನಕ್ಷೆಯು ಒಂದು ಬಡಾವಣೆಯ ಬಗ್ಗೆ ಬಹಳಷ್ಟು ತಿಳಿಸಬಲ್ಲದು, ನಿಮ್ಮ ಹಿತ್ತಲಿನ ಬಗ್ಗೆ ಖಚಿತವಾಗಿ ಏನನ್ನೂ ಹೇಳಲಾರದು. ಕಾರಣ ಅದು ಸಿದ್ಧವಾಗುವ ಬಗೆಯಲ್ಲಿಯೇ ಇದೆ.

ಈ ಕ್ಷೇತ್ರದಲ್ಲಿ ನಾನು ಬಹುವಾಗಿ ಗೌರವಿಸುವ ಕೆಲಸ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹೋವರ್ಡ್ ಮಿಲ್ಕೆ ಮತ್ತು ಅವರ ಸಂಗಡಿಗರು ದಶಕಗಳ ಕಾಲ ನಡೆಸಿದ್ದು. ಜನಗಣತಿಯ ಒಂದೊಂದು ವಿಭಾಗದಲ್ಲಿಯೂ ವಾಹನ ದಟ್ಟಣೆಯ ರಸ್ತೆಯಂಚು, ವಸತಿ ಬೀದಿಯ ಅಂಚು, ಮನೆಗೋಡೆಯ ಬುಡ, ಬಯಲು ಜಾಗ ಹೀಗೆ ಬೇರೆ ಬೇರೆ ಕಡೆಗಳಿಂದ, ಅದೂ ಮೇಲಿನ ಸುಮಾರು 2.5 ಸೆಂಟಿಮೀಟರ್ ಪದರದಿಂದ ಮಾತ್ರ, ಅವರು ಮಣ್ಣನ್ನು ಸಂಗ್ರಹಿಸಿದರು. ಮಕ್ಕಳ ಕೈಗೆ ಅಂಟಿ ಬಾಯಿ ಸೇರುವುದು ಆ ಪದರವೇ. ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಆಮ್ಲದಿಂದ ಲೋಹವನ್ನು ಬೇರ್ಪಡಿಸಿ ಅಳೆದಾಗ ಹಳೆಯ ನಗರದ ಒಳಭಾಗದಲ್ಲಿ ಸೀಸ ಹೆಚ್ಚಾಗಿಯೂ ಹೊರವಲಯದಲ್ಲಿ ಕಡಿಮೆಯಾಗಿಯೂ ಕಂಡಿತು. 2019ರಲ್ಲಿ ಪ್ರಕಟವಾದ ಅವರ ವರದಿಯಂತೆ, ಅಲ್ಲಿನ ಮಣ್ಣಿನ ಸೀಸದ ಮಧ್ಯಾಂಕವು (ಅಳತೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ) ಕಾಲಕ್ರಮದಲ್ಲಿ ಕಿಲೋಗೆ 99 ಮಿಲಿಗ್ರಾಂನಿಂದ 54ಕ್ಕೆ ಇಳಿದಾಗ ಮಕ್ಕಳ ರಕ್ತದ ಸೀಸವೂ ಡೆಸಿಲೀಟರಿಗೆ 3.6 ಮೈಕ್ರೋಗ್ರಾಂನಿಂದ 1.2ಕ್ಕೆ ಇಳಿದಿತ್ತು.

ಮಾದರಿ ತೆಗೆದ ಬಿಂದುಗಳ ನಡುವಿನ ಜಾಗಕ್ಕೆ ನಕ್ಷೆಯಲ್ಲಿ ಬಣ್ಣ ಬರುವುದು ಅಳತೆಯಿಂದಲ್ಲ, ಅಂದಾಜಿನಿಂದ. ಇದಕ್ಕೆ ಹೆಚ್ಚಾಗಿ ಬಳಸುವ ಕ್ರಿಗಿಂಗ್ ಎಂಬ ಗಣಿತ ವಿಧಾನವು ಹತ್ತಿರದ ಬಿಂದುಗಳಿಗೆ ಹೆಚ್ಚು ಮಹತ್ವ ಕೊಟ್ಟು ನಡುವಿನ ಪ್ರಮಾಣವನ್ನು ಊಹಿಸುತ್ತದೆ ಮತ್ತು ಆ ಊಹೆ ಎಷ್ಟು ತಪ್ಪಿರಬಹುದೆಂಬುದನ್ನೂ ಲೆಕ್ಕ ಹಾಕಿಕೊಡುತ್ತದೆ. ಆ ಎರಡನೆಯ ಲೆಕ್ಕವನ್ನು ಮರೆಮಾಚಿ ಬಣ್ಣದ ನಕ್ಷೆಯನ್ನಷ್ಟೇ ಜನರ ಮುಂದಿಡುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಹಳೆಯ ಬಣ್ಣ ಉದುರಿದ ಗೋಡೆಯ ಬುಡಕ್ಕೂ ಹತ್ತು ಹೆಜ್ಜೆ ಆಚೆಯ ಪಾತಿಗೂ ನಡುವೆ ಸೀಸದ ಪ್ರಮಾಣ ಹಲವು ಪಟ್ಟು ವ್ಯತ್ಯಾಸವಾಗಬಹುದು. ಹೊರಗಿನಿಂದ ತಂದು ತುಂಬಿಸಿದ ಮಣ್ಣಾದರೆ ಸುತ್ತಲಿನ ಬಿಂದುಗಳಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತದ್ದು 2000ದಲ್ಲಿ. ಸೀಸ ಕೊಳೆಯುವ ವಸ್ತುವಲ್ಲವಾದ್ದರಿಂದ ಅಂದು ಹೊಗೆಯೊಡನೆ ಬಂದು ಬಿದ್ದದ್ದು, ಕದಲಿಸದ ಮಣ್ಣಿನ ಮೇಲ್ಪದರದಲ್ಲಿ ಇಂದಿಗೂ ಉಳಿದಿರಬಹುದು. ಆದುದರಿಂದ ರಸ್ತೆಯ ಕಡೆ, ಗೋಡೆಯ ಬುಡ ಮತ್ತು ಪಾತಿಯ ಮಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಿ. ಸೀಸ ಮತ್ತು ಅದರಂತೆಯೇ ವಿಷಕಾರಿಯಾದ ಕ್ಯಾಡ್ಮಿಯಂ ಎಂಬ ಲೋಹದ ಪರೀಕ್ಷೆ ಬೇಕೆಂದು ಹೆಸರಿಸಿಯೇ ಕೇಳಬೇಕು, ಏಕೆಂದರೆ ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸತು, ತಾಮ್ರಗಳಿವೆಯೇ ಹೊರತು ಇವೆರಡೂ ಇಲ್ಲ. ಹೋಲಿಕೆಗೆ ಹೇಳುವುದಾದರೆ, ವಸತಿ ಪ್ರದೇಶದ ಮಣ್ಣಿನಲ್ಲಿ ಸೀಸ ಎಷ್ಟಿದ್ದರೆ ಮುಂದಿನ ತನಿಖೆ ಅಗತ್ಯವೆಂಬ ಮಟ್ಟವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರಲ್ಲಿ ಕಿಲೋಗೆ 400 ಮಿಲಿಗ್ರಾಂನಿಂದ 200ಕ್ಕೆ ಇಳಿಸಿತು.

ಫಲಿತಾಂಶ ಬರುವವರೆಗೆ ಸೊಪ್ಪು, ಮೂಲಂಗಿಗಳ ಬದಲು ಟೊಮೆಟೊ, ಬದನೆಯಂಥ ಕಾಯಿಗಳನ್ನು ಬೆಳೆಯಿರಿ; ಅವುಗಳಲ್ಲಿ ಸೀಸ ಸೇರುವುದು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಮೊಮ್ಮಗ ಆಡುವ ಜಾಗದಲ್ಲಿ ಬರಿಮಣ್ಣು ಕಾಣದಂತೆ ಹುಲ್ಲು ಬೆಳೆಸಿ, ಅವನು ಒಳಗೆ ಬಂದೊಡನೆ ಕೈ ತೊಳೆಸಿ.